ಪಕ್ಕದ ಬೆಡ್‌ನವರ ತಪ್ಪೇ?

ಕೇಳುಗರೆಲ್ಲರಿಗೂ ನಮಸ್ಕಾರ.

ಕಾಲು ಮುರಿದು ಆಸ್ಪತ್ರೆ ಸೇರಿದವರಿಗೆ ನಾಲ್ಕನೇ ದಿನ ಜ್ವರ, ಕೆಮ್ಮು ಶುರುವಾಗುತ್ತದೆ. "ಪಕ್ಕದ ಬೆಡ್‌ನವರು ಕೆಮ್ತಾ ಇದ್ರು, ಅವರಿಂದಲೇ ಬಂತು" ಅಂತ ಮನೆಯವರು ತೀರ್ಮಾನ ಮಾಡಿಬಿಡುತ್ತಾರೆ. ಇರಬಹುದು. ಆದರೆ ಅವರನ್ನು ಬೈಯುವ ಮೊದಲು ಒಂದು ಹಳೆಯ ಪ್ರಯೋಗದ ಕಥೆ ಕೇಳಿ.

ಆರ್‌ಎಸ್‌ವಿ ಅಂತ ಒಂದು ವೈರಸ್ ಇದೆ. ದೊಡ್ಡವರಿಗೆ ಸಾಮಾನ್ಯವಾಗಿ ನೆಗಡಿ ತಂದು ಸುಮ್ಮನಾಗುತ್ತದೆ, ಎಳೆಗೂಸುಗಳಿಗೆ ಮಾತ್ರ ಉಸಿರಾಡಲು ಬಿಡುವುದಿಲ್ಲ. ಇದು ಹೇಗೆ ಹರಡುತ್ತದೆ ಅಂತ ಅಮೆರಿಕದ ವೈದ್ಯೆ ಕ್ಯಾರೊಲಿನ್ ಹಾಲ್ ಪರೀಕ್ಷಿಸಿ, 1981ರಲ್ಲಿ ಪ್ರಕಟಿಸಿದರು. ಒಟ್ಟು 31 ಮಂದಿ, ಮೂರು ಗುಂಪು. 7 ಮಂದಿ ಸೋಂಕಿದ್ದ ಮಗುವನ್ನು ಎತ್ತಿಕೊಂಡು ಆರೈಕೆ ಮಾಡಿದರು. 10 ಮಂದಿ ಮಗು ಇಲ್ಲದಾಗ ಅದರ ಕೋಣೆಗೆ ಹೋಗಿ ಅಲ್ಲಿದ್ದ ವಸ್ತುಗಳನ್ನು ಮುಟ್ಟಿ, ಆಮೇಲೆ ತಮ್ಮ ಕಣ್ಣು, ಮೂಗು ಮುಟ್ಟಿಕೊಂಡರು. ಉಳಿದ 14 ಮಂದಿ ಮಗುವಿನಿಂದ ಸ್ವಲ್ಪ ದೂರ ಸುಮ್ನೆ ಕೂತಿದ್ದರು.

ಎತ್ತಿಕೊಂಡವರಲ್ಲಿ 5 ಮಂದಿಗೆ ಸೋಂಕು ತಗುಲಿತು. ಅದೇನೂ ಆಶ್ಚರ್ಯವಲ್ಲ. ದೂರ ಕೂತವರಲ್ಲಿ ಒಬ್ಬರಿಗೂ ಬರಲಿಲ್ಲ. ಆದರೆ ವಸ್ತು ಮುಟ್ಟಿದವರನ್ನು ನೋಡಿ, 4 ಮಂದಿಗೆ ಬಂತು! ಮಗು ಕೋಣೆಯಲ್ಲೇ ಇರಲಿಲ್ಲ, ಅಲ್ವಾ? ವೈರಸ್ಸನ್ನು ಮೂಗಿನವರೆಗೆ ಹೊತ್ತು ತಂದದ್ದು ಅವರದೇ ಕೈ.

ಹಾಗಾದರೆ ಕೈ ತೊಳೆದರೆ ಮುಗಿಯಿತಾ? ಇಲ್ಲ. ಕ್ಷಯದ ರೋಗಾಣು ಗಾಳಿಯನ್ನೇ ನಂಬಿದೆ. 1950ರ ದಶಕದ ಕೊನೆಗೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಕ್ಷಯದ ವಾರ್ಡಿನ ಗಾಳಿಯನ್ನು ಕೊಳವೆಯಲ್ಲಿ ಮೇಲಿನ ಕೋಣೆಯ ಗಿನಿಹಂದಿಗಳಿಗೆ ಬಿಟ್ಟರು. ಪಾಪ, ಅವು ರೋಗಿಗಳ ಹತ್ತಿರವೂ ಸುಳಿದಿರಲಿಲ್ಲ. ಆದರೂ ಕ್ಷಯ ಅಂಟಿತು.

ಗಾಳಿಯಲ್ಲಿ ತೇಲುವ ಇಂಥ ಕಣಗಳು ರೋಗಿ ಎದ್ದು ಹೋದ ಮೇಲೂ ಅಲ್ಲೇ ಇರುತ್ತವೆ. ಕೋಣೆಯ ಗಾಳಿ ಗಂಟೆಗೆ 6 ಸಲ ಬದಲಾದರೆ ನೂರರಲ್ಲಿ 99 ಪಾಲು ಹೊರಹೋಗಲು ಸುಮಾರು 46 ನಿಮಿಷ ಬೇಕು. 12 ಸಲ ಬದಲಾದರೆ 23 ನಿಮಿಷ. ಕಿಟಕಿ ಜಡಿದ ಕೋಣೆಯಲ್ಲಿ ಎಷ್ಟು ಹೊತ್ತು ಬೇಕೋ ನೀವೇ ಊಹಿಸಿಕೊಳ್ಳಿ.

ಇನ್ನು ಸಿಬ್ಬಂದಿ. ಒಬ್ಬ ರೋಗಿ ಮಲಗಿರುವುದು ಒಂದೇ ಹಾಸಿಗೆಯಲ್ಲಿ. ನರ್ಸ್ ಒಂದೇ ಪಾಳಿಯಲ್ಲಿ ಎಷ್ಟೋ ಹಾಸಿಗೆ ಸುತ್ತುತ್ತಾರೆ. ಫ್ಲೂ ಬಂದವರು ಲಕ್ಷಣ ಕಾಣುವ ಹಿಂದಿನ ದಿನದಿಂದಲೇ ವೈರಸ್ ಹರಡಬಲ್ಲರು. ಆ ದಿನ ಅವರನ್ನು ದೂರುವಂತಿಲ್ಲ, ಅವರಿಗೇ ಗೊತ್ತಿರುವುದಿಲ್ಲ. ಮಾರನೇ ದಿನ ಮೈ ಕಾದರೂ ಮಾತ್ರೆ ನುಂಗಿ ಕೆಲಸಕ್ಕೆ ಬರುತ್ತಾರಲ್ಲ, ಅದು ಬೇರೆ ಮಾತು. ರಜೆ ಹಾಕಿದರೆ ಆ ಪಾಳಿಗೆ ಇನ್ನೊಬ್ಬರಿಲ್ಲ. ನನ್ನ ಪ್ರಕಾರ ಇದು ನರ್ಸ್‌ಗಿಂತ ಪಾಳಿಯ ಪಟ್ಟಿ ಬರೆದವರ ತಪ್ಪು.

ವಾರ್ಡಿನಲ್ಲಿ ಮಾಸ್ಕ್ ತೆಗೆಯದ ಸಿಬ್ಬಂದಿ ಕೂಡ ಊಟಕ್ಕೆ ಕೂತಾಗ ತೆಗೆಯಲೇಬೇಕು. ಚಿಕ್ಕ ಕೋಣೆ, ಹತ್ತಿರ ಹತ್ತಿರ ಕುರ್ಚಿ, ಜೋರು ಮಾತು. ಆ ಕೋಣೆಗೆ ಕಿಟಕಿ ಇದೆಯಾ ಅಂತ ಎಷ್ಟೋ ಕಡೆ ಯಾರೂ ನೋಡಿಯೇ ಇರುವುದಿಲ್ಲ.

ನಮಸ್ಕಾರ.