ನೋಟ್ಸು ಆಮೇಲೆ, ಕವಿತೆ ಮೊದಲು

ಕೇಳುಗರಿಗೆ ನಮಸ್ಕಾರ. ಇಂಗ್ಲಿಷ್ ಎಂ.ಎ. ಓದುತ್ತಿರುವವರು, ಈ ವರ್ಷ ಅರ್ಜಿ ಹಾಕಿ ಕಾಯುತ್ತಿರುವವರು ರೇಡಿಯೋ ಹತ್ತಿರ ಇದ್ದರೆ ಸ್ವಲ್ಪ ಕಿವಿಗೊಡಿ. ಇಪ್ಪತ್ತನೆಯ ಶತಮಾನದ ಬ್ರಿಟಿಷ್ ಸಾಹಿತ್ಯ ನಾನು ಪಾಠ ಮಾಡುವ ವಿಷಯ. ನಿಮಗೆ ಹೇಳಬೇಕಾದದ್ದು ಒಂದೇ ಮಾತು: ನೋಟ್ಸು ಮುಟ್ಟುವ ಮೊದಲು ಮೂಲವನ್ನು ಓದಿ.

ಟಿ.ಎಸ್. ಎಲಿಯಟ್ ಅವರ ‘ದಿ ವೇಸ್ಟ್ ಲ್ಯಾಂಡ್’ ತೆಗೆದುಕೊಳ್ಳಿ. 1922ರಲ್ಲಿ ಅಚ್ಚಾದ ಕವಿತೆ. ಅದು ಏಪ್ರಿಲ್ ತಿಂಗಳ ಕ್ರೌರ್ಯದಿಂದ ಶುರುವಾಗುತ್ತದೆ ಎಂದು ನೀವು ನಿದ್ದೆಯಲ್ಲೂ ಹೇಳುತ್ತೀರಿ. ಆದರೆ ಕರಡುಪ್ರತಿ ಶುರುವಾಗುವುದು ಹಾಗಲ್ಲ! ಅಲ್ಲಿ ಮೊದಲ ಪುಟದ ತುಂಬ ಬಾಸ್ಟನ್ ನಗರದಲ್ಲಿ ಗೆಳೆಯರು ಕುಡಿದು ರಾತ್ರಿಯೆಲ್ಲ ಅಲೆದ ಕಥೆ, ಒಟ್ಟು 54 ಸಾಲು. ಎಲಿಯಟ್ ತಾವೇ ಪೆನ್ಸಿಲಿನಲ್ಲಿ ಗೀಟೆಳೆದು ಅಷ್ಟನ್ನೂ ಹೊಡೆದುಹಾಕಿದರು. ಏಪ್ರಿಲ್ ಮೇಲಕ್ಕೆ ಬಂತು.

ಆ ಕರಡನ್ನು ಎಲಿಯಟ್ ನ್ಯೂಯಾರ್ಕಿನ ವಕೀಲ ಜಾನ್ ಕ್ವಿನ್ ಅವರಿಗೆ ಕಳುಹಿಸಿಕೊಟ್ಟರು. ಆಮೇಲೆ ಅದು ಎಲ್ಲಿದೆ ಎಂಬುದೇ ಲೋಕಕ್ಕೆ ಗೊತ್ತಿರಲಿಲ್ಲ. 1968ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ ‘ನಮ್ಮಲ್ಲಿದೆ’ ಎಂದು ಪ್ರಕಟಿಸಿತು. 1971ರಲ್ಲಿ ಆ ಪುಟಗಳ ಪ್ರತಿಗಳೇ ಪುಸ್ತಕವಾಗಿ ಬಂದವು. ಅದನ್ನು ತೆರೆದಾಗಲೆಲ್ಲ ನನ್ನ ಕಣ್ಣು ಅಂಚಿನ ಬರಹಕ್ಕೇ ಹೋಗುತ್ತದೆ. ಕವಿತೆಯ ಒಂದು ದೃಶ್ಯದಲ್ಲಿ ಗಂಡ ಹೆಂಡತಿ ಒಂದೇ ಕೋಣೆಯಲ್ಲಿದ್ದಾರೆ. ಅವಳು ಕೇಳುತ್ತಲೇ ಇದ್ದಾಳೆ, ಅವನು ಬಾಯಿ ಬಿಡುವುದಿಲ್ಲ. ಆ ಸಾಲುಗಳ ಪಕ್ಕದಲ್ಲಿ, ಕರಡನ್ನು ತಿದ್ದಿಕೊಟ್ಟ ಕವಿಮಿತ್ರ ಎಜ್ರಾ ಪೌಂಡ್ ‘ಫೋಟೋಗ್ರಫಿ’ ಎಂದು ಗುರುತು ಹಾಕಿದ್ದಾರೆ, ಬದುಕನ್ನು ಇದ್ದ ಹಾಗೇ ಇಳಿಸಿದ್ದೀಯಲ್ಲ ಎಂಬ ಆಕ್ಷೇಪದಂತೆ. ಅದೇ ಜಾಗದಲ್ಲಿ ಎಲಿಯಟ್ ಅವರ ಹೆಂಡತಿ ವಿವಿಯೆನ್ ‘ಅದ್ಭುತ’ ಎಂದು ಬರೆದಿದ್ದಾರೆ. ಮುಂದೆ ಮದ್ಯದಂಗಡಿಯ ಹೆಂಗಸರ ಹರಟೆಯಲ್ಲಿ, ‘ಮಕ್ಕಳು ಬೇಡವೆಂದರೆ ಮದುವೆ ಯಾಕಾದೆ’ ಎಂಬ ಮಾತಿದೆಯಲ್ಲ, ಅದನ್ನು ಸೂಚಿಸಿದ್ದೂ ವಿವಿಯೆನ್ ಅವರೇ.

ಈಗ ನೀವು ಹೇಳಿ, ಪೌಂಡ್ ಸರಿಯೋ, ವಿವಿಯೆನ್ ಸರಿಯೋ? ಉತ್ತರ ಯಾವ ಗೈಡಿನಲ್ಲೂ ಇಲ್ಲ. ಆ ಸಾಲುಗಳನ್ನು ನಿಮ್ಮದೇ ಬಾಯಿಂದ ಓದಿ ಕೇಳಿಸಿಕೊಂಡರೆ ಮಾತ್ರ ಗೊತ್ತಾಗುತ್ತದೆ. ಕವಿತೆ ಇರುವುದು ಸುಮಾರು 430 ಸಾಲು. ಜೋರಾಗಿ ಓದಿದರೆ ಅರ್ಧ ಗಂಟೆ. ಗೈಡಿಗೆ ಮೂರು ದಿನ ಕೊಡುವವರು ಕವಿತೆಗೆ ಅರ್ಧ ಗಂಟೆ ಕೊಡಲಾರಿರಾ? ಮೊದಲು ಮೂಲ ಓದಿ ಎಂದು ಅದಕ್ಕೇ ಮತ್ತೆ ಮತ್ತೆ ಹೇಳುತ್ತಿದ್ದೇನೆ.

ಕಾದಂಬರಿಕಾರ್ತಿ ವರ್ಜೀನಿಯಾ ವುಲ್ಫ್ ಈ ಕವಿತೆಗೆ ತಮ್ಮ ಕೈಯಿಂದಲೇ ಅಚ್ಚುಮೊಳೆ ಜೋಡಿಸಿ, 1923ರಲ್ಲಿ ತಮ್ಮದೇ ಹೊಗಾರ್ತ್ ಪ್ರೆಸ್‌ನಿಂದ ಪುಸ್ತಕ ತಂದದ್ದನ್ನೂ ವಿವರವಾಗಿ ಹೇಳಬೇಕೆಂದಿದ್ದೆ. ಸಮಯ ಮುಗಿಯುತ್ತಾ ಬಂತು. ಸಂಶೋಧನೆಗೆ ವಿಷಯ ಹುಡುಕುತ್ತಿರುವವರಿಗೂ ನನ್ನ ಉತ್ತರ ಅದೇ: ಓದುವಾಗ ಪೆನ್ಸಿಲ್ ಕೈಯಲ್ಲಿರಲಿ, ನಿಮ್ಮನ್ನು ತಡೆದು ನಿಲ್ಲಿಸಿದ ಸಾಲಿಗೆ ಗುರುತು ಹಾಕಿ. ಕೊನೆಯ ಭಾಗದಲ್ಲಿ ಗುಡುಗು ‘ದ’ ಎನ್ನುತ್ತದೆ. ಅದು ಬೃಹದಾರಣ್ಯಕ ಉಪನಿಷತ್ತಿನದು. ಆ ‘ದ’ಕ್ಕೆ ಮೂರು ಅರ್ಥ: ‘ದಾಮ್ಯತ’ ಅಂದರೆ ನಿಮ್ಮನ್ನು ನಿಗ್ರಹಿಸಿಕೊಳ್ಳಿ, ‘ದತ್ತ’ ಅಂದರೆ ಕೊಡಿ, ‘ದಯಧ್ವಮ್’ ಅಂದರೆ ದಯೆ ತೋರಿ. ಅಲ್ಲಿ ‘ದಾಮ್ಯತ’ ಮೊದಲು ಬರುತ್ತದೆ, ಎಲಿಯಟ್ ಅದನ್ನು ಕೊನೆಗೆ ಇಟ್ಟರು. ಯಾಕೆ? ಇವತ್ತು ರಾತ್ರಿ ಊಟವಾದ ಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ನೋಡಿ. ನಮಸ್ಕಾರ.