ಕೆಂಪು ಡಬ್ಬಿ ಹೋಯಿತು, ಗುಂಯ್ ಸದ್ದು ಮನೆಯಲ್ಲೇ ಉಳಿಯಿತು

ಮಾರುವ ಮುಂಚೆ ಒರೆಸುವುದನ್ನು ಪೂರ್ತಿ ತೋರಿಸುವುದಿಲ್ಲ, ವಿಡಿಯೋ ವೇಗವಾಗಿ ಓಡಿಸಿಬಿಟ್ಟಿದ್ದೇನೆ. ಇದು ನನ್ನ ಹಳೇ ಆಡಿಯೋ ಇಂಟರ್‌ಫೇಸ್, ಮೈಕಿನ ದನಿಯನ್ನು ಲ್ಯಾಪ್‌ಟಾಪಿಗೆ, ಲ್ಯಾಪ್‌ಟಾಪಿನ ದನಿಯನ್ನು ಸ್ಪೀಕರಿಗೆ ದಾಟಿಸುವ ಡಬ್ಬಿ. ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2, ಎರಡನೇ ಜನರೇಷನ್. 2018ರಲ್ಲಿ ತಗೊಂಡಿದ್ದು. ಹಳೇ ವಿಡಿಯೋಗಳಲ್ಲಿ ನೀವು ಕೇಳಿದ ನನ್ನ ದನಿಯೆಲ್ಲ ಈ ಕೆಂಪು ಡಬ್ಬಿ ಹೊಕ್ಕು ಹೊರಬಂದದ್ದೇ. ಗೇನ್ ಗುಂಡಿಗಳನ್ನು ನೋಡಿ, ಒಂದೊಂದು ಮೈಕಿನ ದನಿ ಏರಿಸಿ ಇಳಿಸುವವು. ಎಡಗಡೆಯದು ಬೆರಳು ತಾಗಿ ತಾಗಿ ಹೊಳೆಯುತ್ತಿದೆ. ಬಲಗಡೆಯದು ಹೊಸದರ ಹಾಗೇ ಇದೆ. ಒಬ್ಬನೇ ಕೂತು ಮಾತಾಡುವವನಿಗೆ ಎರಡನೇ ಮೈಕ್ ಯಾಕೆ ಹೇಳಿ.

ಮಾರಾಟಕ್ಕಿದೆ ಅಂತ ಫೋಟೋ ಹಾಕಿ 6,000 ರೂಪಾಯಿ ಅಂತ ಬರೆದೆ. ಒಂದು ಪೈಸೆ ಇಳಿಸಲ್ಲ ಅಂತ ಆವತ್ತೇ ತೀರ್ಮಾನ. ಮೆಸೇಜೋ ಮೆಸೇಜು. ನಮಸ್ಕಾರ ಇಲ್ಲ, ಏನಿಲ್ಲ, "ಲಾಸ್ಟ್ ಎಷ್ಟು?" ಒಬ್ಬರು ಟೈಪ್-ಸಿ ಇದೆಯಾ ಅಂದರು. ಇಲ್ಲ, ಅದು 2019ರ ಮೂರನೇ ಜನರೇಷನ್‌ನಲ್ಲಿ ಬಂತು. ಇದಕ್ಕೆ ಪ್ರಿಂಟರಿಗೆ ಹಾಕುವ ಚೌಕದ ಕೇಬಲ್. ಇನ್ನೊಬ್ಬ ತಾನು ಮಿಲಿಟರಿಯಲ್ಲಿದ್ದೇನೆ ಅಂದ. ಕ್ಯೂಆರ್ ಕಳಿಸಿದ್ದೇನೆ, ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತದೆ ಅಂದ. ದುಡ್ಡು ಬರುವುದಕ್ಕೆ ಯುಪಿಐ ಪಿನ್ ಬೇಕೇ ಇಲ್ಲ, ಹೋಗುವುದಕ್ಕೆ ಮಾತ್ರ ಬೇಕು. ಬ್ಲಾಕ್.

ಮಾರುವುದೇಕೆ ಅಂತ ನೀವು ಕೇಳಬಹುದು. ಗುಂಯ್ ಅನ್ನುವ ಸದ್ದು. ಸ್ಪೀಕರ್ ಆನ್ ಮಾಡಿದರೆ ಸಾಕು, ಕಿವಿ ಹತ್ತಿರ ದುಂಬಿ ಕೂತ ಹಾಗೆ. ಮೂರು ವರ್ಷ ಸಹಿಸಿದೆ. ಡಬ್ಬಿಗೆ ವಯಸ್ಸಾಯಿತು ಅಂತ ಹೊಸದನ್ನೇ ತರಿಸಿದೆ. ಆ ಮೂಲೆಯಲ್ಲಿ ಕಾಣುವ ರಟ್ಟಿನ ಪೆಟ್ಟಿಗೆ ಅದೇ, ಇನ್ನೂ ಬಿಚ್ಚಿಲ್ಲ. ಸದ್ದಿದೆ ಅಂತ ಜಾಹೀರಾತಿನಲ್ಲೂ ಬರೆದಿದ್ದೆ. ಸುಳ್ಳು ಹೇಳಿ ಮಾರುವವನಲ್ಲ ನಾನು.

ಭಾನುವಾರ ತುಮಕೂರಿನಿಂದ ಒಬ್ಬ ಹುಡುಗ ಬಂದ. ಮುಖ ತೋರಿಸಬೇಡಿ ಅಣ್ಣಾ ಅಂದ, ಅದಕ್ಕೇ ಕೈ ಮಾತ್ರ ಕಾಣುತ್ತಿದೆ. ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಾನಂತೆ. ಕೀಬೋರ್ಡಿನ ಎಡಕ್ಕೊಂದು ಬಲಕ್ಕೊಂದು, ಎರಡು ಇನ್‌ಪುಟ್ ಸಾಕು. ಯಶವಂತಪುರದಲ್ಲಿ ಇಳಿದು ರಾಜಾಜಿನಗರಕ್ಕೆ ಬರುವಷ್ಟರಲ್ಲಿ ಬೆವೆತುಹೋಗಿದ್ದ. ಅಮ್ಮ "ಕೂತ್ಕೊಳಪ್ಪ, ಕಾಫಿ ಕುಡೀತೀಯಾ" ಅಂದು, ಊರು ಕೇಳಿದ್ದೇ ತಡ, ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಸುದ್ದಿ ತೆಗೆದರು. ನನ್ನನ್ನು ಕೇಳಿದರೆ ಬಿಡದಿಯದೇ ವಾಸಿ. ಕ್ಯಾತ್ಸಂದ್ರದ ಚಟ್ನಿ ಮಾತ್ರ... ಅಯ್ಯೋ, ಶಾಟ್ ಮುಗಿಯಿತು, ಅವನು ಆಗಲೇ ಹೆಡ್‌ಫೋನ್ ಹಾಕಿಕೊಂಡಾಯಿತು.

ಹೆಡ್‌ಫೋನಲ್ಲಿ ಏನೂ ಸದ್ದಿಲ್ಲ. ಸ್ಪೀಕರ್ ಹಾಕಿದೆ. ಗುಂಯ್. ಹುಡುಗ ಒಂದು ಕ್ಷಣ ತಲೆ ಓರೆ ಮಾಡಿ ಕೇಳಿದ. ನನ್ನ ಲ್ಯಾಪ್‌ಟಾಪ್ ನೋಡಿದ, ಗೋಡೆ ನೋಡಿದ, ಟೇಬಲ್ ಹಿಂದೆ ಬಗ್ಗಿದ. ಆಮೇಲೆ ಮೆಲ್ಲಗೆ, "ಅಣ್ಣಾ, ಸದ್ದು ಇದೆಯಲ್ಲ, ಐದು ಸಾವಿರಕ್ಕೆ ಮಾಡ್ಕೊಡಿ." ಬಿಸಿಲಲ್ಲಿ ಬಂದಿದ್ದಾನೆ, ಪಾಪ. ಸರಿ ಅಂದೆ. ಹೌದು, ಇಳಿಸಲ್ಲ ಅಂದಿದ್ದೆ. ಗೊತ್ತು.

ದುಡ್ಡು ಬಂತು. ಈಗ ನೋಡಿ, ಇಲ್ಲಿ ಅವನ ಕೈ. ಲ್ಯಾಪ್‌ಟಾಪಿನ ಚಾರ್ಜರ್ ಎಳೆದ. ಸದ್ದು ಮಾಯ. ಸಿಕ್ಕಿಸಿದ. ಗುಂಯ್. ಮತ್ತೆ ಎಳೆದ. ಮಾಯ. "ಇದು ಅರ್ತಿಂಗ್ ಅಣ್ಣಾ. ಚಾರ್ಜರ್ ಒಂದು ಸಾಕೆಟ್, ಸ್ಪೀಕರ್ ಇನ್ನೊಂದು ಸಾಕೆಟ್. ಮಧ್ಯೆ ಕೇಬಲ್ ಸೇರಿಸಿದ್ರೆ ಎರಡರ ಅರ್ತೂ ಸೇರಿ ಸುತ್ತು ಹಾಕ್ಕೊಳ್ತದೆ, ಅದೇ ಈ ಗುಂಯ್. ಸ್ಟೇಜಲ್ಲಿ ನಮಗೆ ದಿನಾ ಇದೇ ಗೋಳು."

ಮೊದಲೇ ಗೊತ್ತಿತ್ತೇನೋ ಅಂದೆ. ನಕ್ಕ. ಎಷ್ಟು ಕೋಪ ಬಂತು ಅಂತೀರಿ! ಮೂರು ವರ್ಷ ಈ ಬಡಪಾಯಿ ಡಬ್ಬಿಯನ್ನು ಬೈದಿದ್ದೇನೆ. ಸಾವಿರ ರೂಪಾಯಿ ಬಿಟ್ಟಿದ್ದೇನೆ. ಹೊಸದಕ್ಕೆ ಬೇರೆ ದುಡ್ಡು ಸುರಿದಿದ್ದೇನೆ. ಆದರೆ ಆ ಹುಡುಗ ಹೇಳದೆ ಹೋಗಿದ್ದರೆ? ಅವನಿಗೇನು ನಷ್ಟ ಇತ್ತು? ಒಳ್ಳೆಯವನೇ. ಸ್ವಲ್ಪ ಕಿಲಾಡಿ.

ಹೋಗುವ ಮುಂಚೆ ನನ್ನ ಸ್ಪೀಕರ್ ಕೇಬಲ್ ಕಿತ್ತು ಜ್ಯಾಕ್ ತೋರಿಸಿದ. ಇದು ಜೂಮ್ ಮಾಡಿದ್ದೇನೆ. ಲೋಹದ ಕಡ್ಡಿಯ ಮೇಲೆ ಕಪ್ಪು ಉಂಗುರ ಒಂದೇ ಇದೆ. ಎರಡು ಉಂಗುರ ಇದ್ದರೆ ಬ್ಯಾಲೆನ್ಸ್ಡ್ ಕೇಬಲ್, ಇಂಥ ಸದ್ದನ್ನು ಒಳಗೆ ಬಿಡುವುದು ಕಮ್ಮಿ. ಕಾಸು ಉಳಿಯುತ್ತದೆ ಅಂತ ನಾನೇ ಗಿಟಾರ್ ಕೇಬಲ್ ಹಾಕಿದ್ದೆ. ಇನ್ನೊಂದು ಮಾತು. ಅರ್ತಿಂಗ್ ತೊಂದರೆ ಅಂತ ಪ್ಲಗ್ಗಿನ ಮೂರನೇ ಪಿನ್ ಮುರಿಯುವವರಿದ್ದಾರೆ. ದಯವಿಟ್ಟು ಬೇಡ, ಶಾಕ್ ಹೊಡೆಯುತ್ತದೆ.

ಹುಡುಗ ಹೊರಟ. ಅಮ್ಮ ಡಬ್ಬಿಯ ಜೊತೆ ಕೋಡುಬಳೆಯನ್ನೂ ಕಟ್ಟಿಕೊಟ್ಟರು. ಬಾಗಿಲು ಹಾಕಿ ಹೊಸ ಇಂಟರ್‌ಫೇಸ್ ಬಿಚ್ಚಿದೆ. ಬಿಚ್ಚುವುದನ್ನು ತೋರಿಸಲ್ಲ, ಎಲ್ಲರೂ ಅದನ್ನೇ ತೋರಿಸುತ್ತಾರೆ. ಆನ್ ಮಾಡಿದೆ. ಕೇಳಿ.

ಗುಂಯ್.

ಮಾರನೇ ದಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡಿಗೆ ಹೋಗಿ ಎರಡು ಉಂಗುರದ ಕೇಬಲ್ ತಂದೆ. ಜೋಡಿಗೆ 640 ರೂಪಾಯಿ. ಚಾರ್ಜರ್ ಮತ್ತು ಸ್ಪೀಕರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದೆ. ಈಗ ವಾಲ್ಯೂಮ್ ಪೂರ್ತಿ ಏರಿಸುತ್ತಿದ್ದೇನೆ. ಏನಾದರೂ ಕೇಳಿಸುತ್ತಿದೆಯಾ? ನನಗೂ ಇಲ್ಲ. ಅಮ್ಮ ಮಿಕ್ಸಿ ಹಾಕುವ ಮೊದಲು ಇಲ್ಲಿಗೇ ಕಟ್ ಮಾಡುತ್ತೇನೆ.