ತೋಮನನ್ನು ಸುಮ್ನೆ ಬೈಯುತ್ತೇವೆ

ಎಲ್ಲರಿಗೂ ನಮಸ್ಕಾರ. ಇವತ್ತು ತೋಮನ ಪರವಾಗಿ ಒಂದಿಷ್ಟು ವಾದ ಮಾಡಬೇಕು ಅನ್ನಿಸಿದೆ. ಯೇಸುವಿನ ಹನ್ನೆರಡು ಶಿಷ್ಯರಲ್ಲಿ ಒಬ್ಬ. ಅವನು ಕೇರಳದ ಕರಾವಳಿಗೆ ಬಂದ, ಚೆನ್ನೈನ ಮೈಲಾಪುರದಲ್ಲಿ ಅವನ ಸಮಾಧಿ ಇದೆ ಎಂದು ದಕ್ಷಿಣದ ಕ್ರೈಸ್ತರು ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದಾರೆ. ನಮಗಾಗಿ ಅಷ್ಟು ದೂರ ಬಂದವನು ಎಂದು ಹೇಳುತ್ತಲೇ ನಾವು ಅವನಿಗೆ ಕೊಟ್ಟ ಬಿರುದು ಏನು ಗೊತ್ತಾ? ಸಂಶಯದ ತೋಮ! ಸತ್ತ ಯೇಸು ಮತ್ತೆ ಎದ್ದು ಬಂದಿದ್ದಾನೆ ಎಂದು ಉಳಿದ ಶಿಷ್ಯರು ಹೇಳಿದಾಗ, ನೋಡದೆ ನಂಬುವುದಿಲ್ಲ ಎಂದನಲ್ಲ, ಅದಕ್ಕೆ.

ಚರ್ಚಿನಲ್ಲಿ ಯಾವನೋ ಹುಡುಗ "ಇದೆಲ್ಲ ನಿಜ ಅಂತ ಹೇಗೆ ಗೊತ್ತು?" ಎಂದು ಕೇಳಿದರೆ ಸಾಕು, ದೊಡ್ಡವರ ಬಾಯಿಂದ ಥಟ್ಟನೆ ಒಂದು ವಾಕ್ಯ ಬರುತ್ತದೆ. "ನೋಡದೆ ನಂಬಿದವರು ಧನ್ಯರು." ಅಲ್ಲಿಗೆ ಹುಡುಗ ಗಪ್‌ಚುಪ್. ತೋಮನ ಹಾಗೆ ಆಗಬೇಡ ಎಂಬ ಬುದ್ಧಿಮಾತು ಬೇರೆ.

ಆ ವಾಕ್ಯ ಇರುವುದು ಬೈಬಲಿನ ಯೋಹಾನನ ಸುವಾರ್ತೆಯ 20ನೇ ಅಧ್ಯಾಯದಲ್ಲಿ. ಪೂರ್ತಿ ಓದಿ ನೋಡಿ. ಯೇಸುವಿನ ಶಿಷ್ಯೆ ಮಗ್ದಲದ ಮರಿಯಳು ಮೊದಲೇ ಬಂದು "ನಾನು ಕರ್ತನನ್ನು ನೋಡಿದ್ದೇನೆ" ಎಂದು ಶಿಷ್ಯರಿಗೆ ಹೇಳಿದ್ದಳು. ಅವರೇನು ಕುಣಿದಾಡಿದರಾ? ಇಲ್ಲ. ಅವತ್ತು ಸಂಜೆ ಬಾಗಿಲು ಹಾಕಿಕೊಂಡು ಹೆದರಿ ಕೂತಿದ್ದರು. ಹೆಂಗಸರ ಮಾತು ಅವರಿಗೆ ಬರೀ ಹರಟೆ ಅನ್ನಿಸಿತು ಎಂದು ಇನ್ನೊಂದು ಸುವಾರ್ತೆ ಬರೆದ ಲೂಕ ನೇರವಾಗಿಯೇ ಬರೆದಿದ್ದಾನೆ. ಆಮೇಲೆ ಯೇಸು ಬಂದ. ಯಾರೂ ಕೇಳದಿದ್ದರೂ ಗಾಯಗಳಿದ್ದ ತನ್ನ ಕೈಗಳನ್ನೂ ಪಕ್ಕೆಯನ್ನೂ ತೋರಿಸಿದ. ಆಗ ಅವರಿಗೆ ಸಂತೋಷವಾಯಿತು.

ತೋಮ ಅವತ್ತು ಅಲ್ಲಿರಲಿಲ್ಲ. ಉಳಿದವರು ನೋಡಿದ್ದನ್ನು ತಾನೂ ನೋಡಬೇಕು ಎಂದ, ಅಷ್ಟೇ ಅಲ್ವಾ? ಗಾಯದಲ್ಲಿ ಬೆರಳು ಇಟ್ಟು ನೋಡಬೇಕು ಎಂದದ್ದು ಸ್ವಲ್ಪ ಜಾಸ್ತಿಯಾಯಿತು, ಒಪ್ಪುತ್ತೇನೆ. ಆದರೆ ಬೆರಳು ಇಟ್ಟ ಎಂದು ಯೋಹಾನ ಎಲ್ಲೂ ಬರೆದಿಲ್ಲ. ಅದನ್ನು ನಮ್ಮ ಕಣ್ಣಿಗೆ ಕಟ್ಟಿದ್ದು ಕಾರವಾಜ್ಜೊನಂಥ ಚಿತ್ರಕಾರರು. ಯೇಸು ಎದುರು ಬಂದು ನಿಂತಾಗ ತೋಮ ಆಡುವುದು ಒಂದೇ ಮಾತು: "ನನ್ನ ಕರ್ತನೇ, ನನ್ನ ದೇವರೇ!"

ನನಗೆ ಜಾಸ್ತಿ ಇಷ್ಟವಾಗುವುದು ನಡುವಿನ ಆ ಒಂದು ವಾರ. ನಂಬುವುದೇ ಇಲ್ಲ ಎಂದು ಖಡಾಖಂಡಿತ ಹೇಳಿದವನು ಎಂಟು ದಿನದ ಮೇಲೂ ಅದೇ ಮನೆಯಲ್ಲಿ, ಅದೇ ಜನರ ಜೊತೆ ಇದ್ದ. ಅವರು ಅವನನ್ನು ಹೊರಗೆ ಹಾಕಲಿಲ್ಲ, ಅವನೂ ಕೋಪಿಸಿಕೊಂಡು ಹೋಗಲಿಲ್ಲ. ಆ ಎಂಟು ದಿನ ಊಟದ ಹೊತ್ತಿನಲ್ಲಿ ಏನು ಮಾತಾಡಿಕೊಂಡರೋ!

ಹಾಗಾದರೆ "ನೋಡದೆ ನಂಬಿದವರು" ಎಂದು ಯೇಸು ಹೇಳಿದ್ದು ಯಾಕೆ? ಮುಂದಿನ ಎರಡು ವಚನ ಓದಿದರೆ ಗೊತ್ತಾಗುತ್ತದೆ. ನೀವು ನಂಬಲಿ ಎಂದೇ ಇದನ್ನೆಲ್ಲ ಬರೆದಿದ್ದೇನೆ ಎನ್ನುತ್ತಾನೆ ಯೋಹಾನ. ಅಂದರೆ ಅವನ ಕಣ್ಣು ನಮ್ಮ ಮೇಲಿದೆ. ಆ ಕೋಣೆಯಲ್ಲಿ ಇರಲಾಗದವರ ಮೇಲೆ. ನಾವು ನೋಡಿಲ್ಲ, ನೋಡಿದವರ ಸಾಕ್ಷಿ ಕೇಳಿದ್ದೇವೆ. ಸಾಕ್ಷಿ ಎಂದ ಮೇಲೆ ಅದನ್ನು ತೂಗಿ ನೋಡಲೇಬೇಕು. ಬೆರೋಯ ಎಂಬ ಊರಿನ ಜನ, ಸುವಾರ್ತೆ ಸಾರಲು ಬಂದ ಪೌಲನ ಮಾತು ಹೌದೋ ಅಲ್ಲವೋ ಎಂದು ದಿನಾ ಶಾಸ್ತ್ರಗ್ರಂಥ ತೆಗೆದು ನೋಡುತ್ತಿದ್ದರು. ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 17ನೇ ಅಧ್ಯಾಯ ಅವರನ್ನು ಬೈಯುವುದಿಲ್ಲ, ಹೊಗಳುತ್ತದೆ.

ಈಗ ನನಗೆ ನಿಜವಾಗಿ ಸಿಟ್ಟು ಬರುವ ವಿಷಯಕ್ಕೆ ಬರುತ್ತೇನೆ. ಹುಡುಗನಿಗೆ ನೋಡದೆ ನಂಬು ಎನ್ನುವ ನಾವೇ ಸಂಜೆ ಸ್ವಸ್ಥತಾ ಕೂಟದ ಫ್ಲೆಕ್ಸ್ ಕಟ್ಟುತ್ತೇವೆ. "ಬನ್ನಿ, ಅದ್ಭುತ ನೋಡಿ!" ವೇದಿಕೆಯ ಮೇಲೆ ಮೈಕು, ಕ್ಯಾಮೆರಾ, ಊರುಗೋಲು ಬಿಸಾಕುವ ದೃಶ್ಯ. ರಾತ್ರಿಯೊಳಗೆ ಅದರ ವಿಡಿಯೊ ವಾಟ್ಸಾಪಿನಲ್ಲಿ. ತೋಮ ಒಂದೇ ಒಂದು ಸಲ ಕೇಳಿದ. ನಾವು ವಾರವಾರ ಕೇಳುತ್ತೇವೆ. ದೇವರು ವಾಸಿ ಮಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ವಾಸಿಯಾಗದೆ ಮನೆಗೆ ಹೋಗುವವರಿಗೆ "ನಿನ್ನ ವಿಶ್ವಾಸ ಕಡಿಮೆ" ಎನ್ನುತ್ತೇವಲ್ಲ, ಅದು ಅನ್ಯಾಯ.

ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ತುಂಬಾ ಜನ ಬೆಚ್ಚಿಬಿದ್ದರು. 1979ರ ಡಿಸೆಂಬರಿನಲ್ಲಿ ಅವರು ನೊಬೆಲ್ ಶಾಂತಿ ಪ್ರಶಸ್ತಿ ತೆಗೆದುಕೊಂಡರು. ಅದಕ್ಕೆ ಮೂರು ತಿಂಗಳಿಗೂ ಕಡಿಮೆ ಮುಂಚೆ ಒಬ್ಬ ಪಾದ್ರಿಗೆ ಬರೆದ ಪತ್ರದಲ್ಲಿ, ಒಳಗೆ ಮೌನವೂ ಶೂನ್ಯವೂ ಎಷ್ಟಿದೆ ಎಂದರೆ, ನೋಡಿದರೂ ಕಾಣುವುದಿಲ್ಲ, ಕಿವಿಗೊಟ್ಟರೂ ಕೇಳಿಸುವುದಿಲ್ಲ ಎಂದಿದ್ದರು. ಆ ಕತ್ತಲು ಒಂದೆರಡು ವರ್ಷದ್ದಲ್ಲ, ದಶಕಗಳದ್ದು. ಆದರೂ ಪ್ರಾರ್ಥನೆ ಬಿಡಲಿಲ್ಲ, ಕೋಲ್ಕತ್ತದ ಬೀದಿಯಲ್ಲಿ ಸಾಯುತ್ತಾ ಬಿದ್ದವರನ್ನು ಎತ್ತಿ ತರುವ ಕೆಲಸವನ್ನೂ ಬಿಡಲಿಲ್ಲ. 2016ರಲ್ಲಿ ಕಥೋಲಿಕ ಸಭೆ ಅವರನ್ನು ಸಂತರೆಂದು ಘೋಷಿಸಿತು, ಈ ಪತ್ರಗಳನ್ನೆಲ್ಲ ಓದಿಯೇ.

ಇಂಥವರು ನಮ್ಮ ಕೂಟಕ್ಕೆ ಬಂದು "ನನಗೇನೂ ಕಾಣುತ್ತಿಲ್ಲ, ಆದರೂ ಬಿಟ್ಟಿಲ್ಲ" ಎಂದು ಸಾಕ್ಷಿ ಹೇಳುತ್ತೇನೆ ಎಂದರೆ ಮೈಕ್ ಕೊಡುತ್ತಿದ್ದೆವಾ? ನನಗಂತೂ ಅನುಮಾನ.